ಆಪರೇಷನ್ ಮಾಡದ ರಕ್ತನಾಳ ತಜ್ಞರಿಗೆ ಎಂಥ ತರಬೇತಿ ಬೇಕು?

ಪ್ರಶ್ನೆ: ನಮ್ಮದು ದಾವಣಗೆರೆ. ನಮ್ಮ ತಂದೆಗೆ 72 ವರ್ಷ, ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಬಲಗಾಲಿನ ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯುತ್ತಿಲ್ಲ. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಎಂದರು. ಸರ್ಜನ್ ಒಬ್ಬರು ಬೈಪಾಸ್ ಮಾಡಬೇಕು ಎನ್ನುತ್ತಾರೆ, ಹೃದಯದ ಡಾಕ್ಟರ್ ಬಲೂನ್ ಹಾಕೋಣ ಎನ್ನುತ್ತಾರೆ, ನಮ್ಮ ಫಿಸಿಶಿಯನ್ ಸದ್ಯಕ್ಕೆ ಮಾತ್ರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಬೇಕು? ಇದನ್ನೆಲ್ಲ ನೋಡಿದ ಮೇಲೆ, ಎಂಡಿ ಜನರಲ್ ಮೆಡಿಸಿನ್ ಕೊನೆಯ ವರ್ಷದಲ್ಲಿರುವ ನನ್ನ ಮಗಳು ತಾನು ವ್ಯಾಸ್ಕ್ಯುಲರ್ ಮೆಡಿಸಿನ್ (ಆಪರೇಷನ್ ಇಲ್ಲದೆ ರಕ್ತನಾಳದ ಕಾಯಿಲೆ ನೋಡುವ ವಿಭಾಗ) ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಸರ್ಜರಿ ಅವಳಿಗೆ ಬೇಡವಂತೆ. ಹೀಗೊಂದು ವಿಭಾಗ ನಿಜವಾಗಿ ಇದೆಯಾ? ಅದಕ್ಕೆ ಎಷ್ಟು ತರಬೇತಿ ಬೇಕು, ಯಾವ ಮಟ್ಟದ್ದಿರಬೇಕು?

ಉತ್ತರ: ಮೊದಲು ನಿಮ್ಮ ತಂದೆಯವರ ಕಾಲಿನ ವಿಷಯ ಹೇಳುತ್ತೇನೆ, ಅದು ಕಾಯುವಂಥದ್ದಲ್ಲ. ನಾನು ಅವರನ್ನು ಪರೀಕ್ಷಿಸಿಲ್ಲ, ಹಾಗಾಗಿ ಬೈಪಾಸ್ ಸರಿಯೋ ಬಲೂನ್ ಸರಿಯೋ ಎಂದು ಇಲ್ಲಿಂದ ಹೇಳಲಾರೆ. ಆದರೆ ಸಕ್ಕರೆ ಕಾಯಿಲೆ ಇರುವವರ ಬೆರಳಿನ ಗಾಯ ಇಷ್ಟು ದಿನ ಮಾಯದಿದ್ದರೆ, ಪಾದಕ್ಕೆ ಎಷ್ಟು ರಕ್ತ ತಲುಪುತ್ತಿದೆ ಎಂದು ಯಾರಾದರೂ ಅಳೆದು ಬರೆದಿರಲೇಬೇಕು. ಫೈಲ್ ತೆಗೆದು ನೋಡಿ. ಪಾದದ ಗಂಟಿನ ಹತ್ತಿರದ ಬಿಪಿ ಬರೆದಿದ್ದಾರಾ? ಅದಕ್ಕಿಂತ ಮುಖ್ಯವಾಗಿ ಕಾಲ್ಬೆರಳಿನ ಬಿಪಿ ಬರೆದಿದ್ದಾರಾ? ಬೆರಳಿನ ಒತ್ತಡ 30ಕ್ಕಿಂತ ಕಡಿಮೆ ಇದ್ದರೆ, ಬರೀ ಮಾತ್ರೆಯಿಂದ ಆ ಗಾಯ ಮಾಯುತ್ತದೆ ಎಂದು ಕಾಯುತ್ತಾ ಕೂರಬಾರದು. ರಕ್ತದ ಹರಿವು ಹೆಚ್ಚಿಸುವ ದಾರಿಯನ್ನು ಬೇಗ ತೀರ್ಮಾನಿಸಬೇಕು. ಬೆರಳು ಕಪ್ಪಾಗುತ್ತಿದ್ದರೆ, ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ, ಜ್ವರ ಬಂದರೆ, ರಾತ್ರಿ ಮಲಗಿದಾಗ ಪಾದದ ನೋವು ತಡೆಯಲಾಗದಿದ್ದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೂವರು ಮೂರು ಮಾತು ಹೇಳಿದರು ಎಂದು ಯಾರೋ ಮೋಸ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ಈ ವಿಷಯದಲ್ಲಿ ದೊಡ್ಡ ಅಧ್ಯಯನಗಳೇ ಬೇರೆ ಬೇರೆ ಉತ್ತರ ಕೊಟ್ಟಿವೆ. 2022ರಲ್ಲಿ ಬಂದ ಬೆಸ್ಟ್-ಸಿಎಲ್‌ಐ ಅಧ್ಯಯನದಲ್ಲಿ, ಕಾಲಿನ ಉದ್ದನೆಯ ವೇನ್ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಚೆನ್ನಾಗಿದ್ದ ರೋಗಿಗಳಿಗೆ ಮೊದಲೇ ಬೈಪಾಸ್ ಮಾಡಿದ್ದು ಜಾಸ್ತಿ ಒಳ್ಳೆಯದಾಯಿತು. ಮರುವರ್ಷ, 2023ರಲ್ಲಿ ಬಂದ ಬೇಸಿಲ್-2 ಅಧ್ಯಯನ ಮೊಣಕಾಲಿನ ಕೆಳಗಿನ ಆರ್ಟರಿಗಳ (ಹೃದಯದಿಂದ ರಕ್ತ ಒಯ್ಯುವ ನಾಳಗಳ) ರೋಗ ಇದ್ದವರನ್ನು ನೋಡಿತು. ಅಲ್ಲಿ ಬಲೂನ್ ದಾರಿಯನ್ನು ಮೊದಲು ಹಿಡಿದವರೇ ಹೆಚ್ಚು ಕಾಲ ಕಾಲು ಉಳಿಸಿಕೊಂಡು ಬದುಕಿದರು. ಅಂದರೆ ಅಡಚಣೆ ಎಲ್ಲಿದೆ, ಬೈಪಾಸ್‌ಗೆ ಬೇಕಾದ ವೇನ್ ಇದೆಯಾ, ಹೃದಯ ಮತ್ತು ಕಿಡ್ನಿ ಹೇಗಿವೆ, ಗಾಯದಲ್ಲಿ ಸೋಂಕು ಎಷ್ಟಿದೆ ಎಂದು ಒಟ್ಟಿಗೆ ಇಟ್ಟು ನೋಡದೆ ತೀರ್ಮಾನ ಆಗುವುದಿಲ್ಲ. ನೀವು ಕೇಳಬೇಕಾದ್ದು ಒಂದೇ: 'ಡಾಕ್ಟ್ರೇ, ನೀವು ಮೂರೂ ಜನ ಒಂದು ಸಲ ಒಟ್ಟಿಗೆ ಮಾತಾಡಿ ಹೇಳ್ತೀರಾ?' ಇದನ್ನು ಕೇಳಲು ಸಂಕೋಚ ಬೇಡ.

ಹೀಗೆ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದೇ ನಿಮ್ಮ ಮಗಳು ಕಲಿಯಬೇಕು ಎನ್ನುತ್ತಿರುವ ವಿದ್ಯೆ. ಹೌದು, ವ್ಯಾಸ್ಕ್ಯುಲರ್ ಮೆಡಿಸಿನ್ ಎನ್ನುವ ವಿಭಾಗ ಇದೆ. ಯುರೋಪಿನ ಹಲವು ಕಡೆ ಅದನ್ನು ಆಂಜಿಯಾಲಜಿ ಎನ್ನುತ್ತಾರೆ. ನಮ್ಮ ದೇಶದಲ್ಲಿ ಮಾತ್ರ ಅದಕ್ಕೆ ಪ್ರತ್ಯೇಕ ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ) ಪದವಿ ಇಲ್ಲ. ಹಾಗಂತ ಅವಳ ದಾರಿ ಮುಚ್ಚಿಲ್ಲ. ಅದನ್ನು ತುಂಡು ತುಂಡಾಗಿ ಅವಳೇ ಕಟ್ಟಿಕೊಳ್ಳಬೇಕು. ಅದಕ್ಕೆ ಸರಿಯಾದ ತರಬೇತಿ ಅಂದರೆ ಏನು ಎಂದು ಮೊದಲು ತಿಳಿದಿರಬೇಕು.

ಈ ತಜ್ಞರ ಕೆಲಸದ ವ್ಯಾಪ್ತಿ ಹೊರಗಿನವರು ಅಂದುಕೊಳ್ಳುವುದಕ್ಕಿಂತ ದೊಡ್ಡದು. ಹೃದಯ ಮತ್ತು ಮಿದುಳಿನ ಒಳಗಿನ ನಾಳಗಳನ್ನು ಬಿಟ್ಟರೆ ಮೈಯ ಮಿಕ್ಕ ಎಲ್ಲಾ ಆರ್ಟರಿ, ವೇನ್, ಲಿಂಫ್ ನಾಳಗಳು (ಮೈಯ ಒಳಗೆ ಸೋರಿದ ನೀರನ್ನು ರಕ್ತಕ್ಕೆ ಮರಳಿಸುವ ನಾಳಗಳು) ಅವರ ಪಾಲಿಗೆ ಬರುತ್ತವೆ. ನಡೆದರೆ ಮೀನಖಂಡ ಹಿಡಿದುಕೊಳ್ಳುವವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು, ನರ ಉಬ್ಬಿ ಹುಣ್ಣಾದವರು, ಹೊಟ್ಟೆಯ ದೊಡ್ಡ ಆರ್ಟರಿ ಉಬ್ಬಿದವರು, ಚಳಿಗೆ ಬೆರಳು ಬಿಳಚಿಕೊಳ್ಳುವವರು, ಕಾಲು ಊದಿಕೊಂಡು ಇಳಿಯದವರು ಎಲ್ಲರೂ ಇದೇ ಬಾಗಿಲಿಗೆ ಬರುತ್ತಾರೆ. ಇವರಲ್ಲಿ ಹೆಚ್ಚಿನವರಿಗೆ ಚಾಕುವೂ ಬೇಡ, ಸ್ಟೆಂಟೂ ಬೇಡ. ಸರಿಯಾದ ರೋಗ ಪತ್ತೆ, ಸರಿಯಾದ ಔಷಧ, ಮತ್ತು ವರ್ಷಗಟ್ಟಲೆ ಬೆನ್ನು ಬಿಡದೆ ನೋಡಿಕೊಳ್ಳುವ ಒಬ್ಬ ವೈದ್ಯರು ಬೇಕು.

ಇದು ಹೊಸದಾಗಿ ಹುಟ್ಟಿದ ವಿಭಾಗವೂ ಅಲ್ಲ. ಮಣಿಕಟ್ಟಿನ ಎರಡೂ ಆರ್ಟರಿಗಳನ್ನು ಒತ್ತಿ ಹಿಡಿದು, ಒಂದನ್ನು ಬಿಟ್ಟು, ಅಂಗೈಗೆ ಬಣ್ಣ ಮರಳುತ್ತದಾ ಎಂದು ನೋಡುವ ಅಲೆನ್ ಪರೀಕ್ಷೆಯನ್ನು ನಿಮ್ಮ ಮಗಳು ಐಸಿಯುನಲ್ಲಿ ಎಷ್ಟೋ ಸಲ ಮಾಡಿರುತ್ತಾಳೆ. ಅದರ ಮೂಲ ರೂಪವನ್ನು 1929ರಲ್ಲಿ ವಿವರಿಸಿದವರು ಅಮೆರಿಕದ ಮೇಯೊ ಕ್ಲಿನಿಕ್‌ನ ಎಡ್ಗರ್ ಅಲೆನ್. ಅವರು ಸರ್ಜನ್ ಅಲ್ಲ, ಫಿಸಿಶಿಯನ್. ಬರ್ಗರ್ ಕಾಯಿಲೆಯ (ತಂಬಾಕು ಸೇದುವವರ ಕೈಕಾಲಿನ ನಾಳ ಕಟ್ಟಿಕೊಳ್ಳುವ ಕಾಯಿಲೆ) ರೋಗಿಗಳ ಕೈಗಳನ್ನು ಪರೀಕ್ಷಿಸಲು ಅವರು ಅದನ್ನು ರೂಪಿಸಿದರು.

ತರಬೇತಿಯ ಮಟ್ಟ ಎಷ್ಟಿರಬೇಕು ಎಂದು ವಿವರವಾಗಿ ಬರೆದಿಟ್ಟಿರುವುದು ಅಮೆರಿಕದಲ್ಲಿ. ಅಲ್ಲಿ ರಕ್ತನಾಳ ಫಿಸಿಶಿಯನ್‌ಗಳ ಸಂಘ ಹುಟ್ಟಿದ್ದು 1989ರಲ್ಲಿ. ಹೃದ್ರೋಗ ತರಬೇತಿಗೆ ಅಲ್ಲಿ ಕೊಕ್ಯಾಟ್ಸ್ ಎಂಬ ದಾಖಲೆ ಇದೆ. ಅದರ ಮೊದಲ ರೂಪ ಬಂದದ್ದು 1995ರಲ್ಲಿ. 2015ರ ನಾಲ್ಕನೆಯ ರೂಪದಲ್ಲಿ ವ್ಯಾಸ್ಕ್ಯುಲರ್ ಮೆಡಿಸಿನ್‌ಗೇ ಒಂದು ಭಾಗ ಮೀಸಲಿದೆ. ಅದರಲ್ಲಿ ಮೂರು ಹಂತ. ಮೊದಲ ಹಂತ ಹೃದ್ರೋಗ ಕಲಿಯುವ ಎಲ್ಲರಿಗೂ ಕಡ್ಡಾಯ: ರಕ್ತನಾಳ ರೋಗವನ್ನು ಗುರುತಿಸಿ, ಸಾಮಾನ್ಯ ರೋಗಿಗಳನ್ನು ನೋಡಿಕೊಳ್ಳುವಷ್ಟು ತಿಳಿದಿರಬೇಕು. ಎರಡನೆಯದು ಇನ್ನೂ ಆಳಕ್ಕೆ ಹೋಗಿ, ರಕ್ತನಾಳದ ಪರೀಕ್ಷೆಗಳನ್ನು ಓದಿ ವರದಿ ಬರೆಯುವವರಿಗೆ. ಮೂರನೆಯದಕ್ಕೆ ಮೂರು ವರ್ಷದ ಹೃದ್ರೋಗ ತರಬೇತಿ ಮುಗಿದ ಮೇಲೆ ಮತ್ತೆ ಓದಬೇಕು. ಹೃದ್ರೋಗದ ದಾರಿ ಬೇಡ ಎನ್ನುವವರು ಮೂರು ವರ್ಷದ ಇಂಟರ್ನಲ್ ಮೆಡಿಸಿನ್ ಮುಗಿಸಿ ನೇರವಾಗಿ ವ್ಯಾಸ್ಕ್ಯುಲರ್ ಮೆಡಿಸಿನ್ ಫೆಲೋಶಿಪ್ (ಮುಂದಿನ ತಜ್ಞ ತರಬೇತಿ) ಸೇರಬಹುದು. ಅದು ಹೆಚ್ಚಾಗಿ ಒಂದು ವರ್ಷದ್ದು. ಮೇಯೊ ಕ್ಲಿನಿಕ್, ಕ್ಲೀವ್‌ಲ್ಯಾಂಡ್ ಕ್ಲಿನಿಕ್, ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗಳಲ್ಲಿ ಈ ತರಬೇತಿ ಹೆಸರುವಾಸಿ.

ಸಂಖ್ಯೆಗಳೂ ಇವೆ. ಕ್ಯಾತಿಟರ್ (ನಾಳದೊಳಗೆ ತೂರಿಸುವ ತೆಳು ಕೊಳವೆ) ಹಾಕಿ ಚಿಕಿತ್ಸೆ ಮಾಡಬೇಕೆನ್ನುವವರಿಗೆ 2004ರಲ್ಲಿ ಹಲವು ಸಂಘಗಳು ಸೇರಿ ಒಂದು ಹೇಳಿಕೆ ಹೊರಡಿಸಿದವು. ಅದರ ಪ್ರಕಾರ ಕನಿಷ್ಠ 100 ಆಂಜಿಯೋಗ್ರಾಂ ಮಾಡಿರಬೇಕು, ಅದರಲ್ಲಿ 50ರಲ್ಲಿ ತಾನೇ ಮುಖ್ಯವಾಗಿ ಕೈ ಹಾಕಿರಬೇಕು. ಜೊತೆಗೆ 50 ಬಲೂನ್ ಅಥವಾ ಸ್ಟೆಂಟ್ ಚಿಕಿತ್ಸೆ, ಅದರಲ್ಲಿ 25 ತನ್ನದೇ. ಅಲ್ಟ್ರಾಸೌಂಡ್ ಓದುವವರಿಗೆ ಆರ್‌ಪಿವಿಐ ಎಂಬ ಪ್ರಮಾಣಪತ್ರ ಇದೆ. ಅದರ ಪರೀಕ್ಷೆಗೆ ಕೂರಲು ಕನಿಷ್ಠ 500 ರಕ್ತನಾಳ ಅಲ್ಟ್ರಾಸೌಂಡ್‌ಗಳನ್ನು ಓದಿರಬೇಕು.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಚಿಕಿತ್ಸೆ 50, ಪರೀಕ್ಷೆ ಓದುವುದು 500. ಒಂದೊಂದನ್ನು ಬೇರೆ ಬೇರೆ ಸಂಸ್ಥೆಗಳು, ಬೇರೆ ಬೇರೆ ಉದ್ದೇಶಕ್ಕೆ ಇಟ್ಟದ್ದು ನಿಜ. ಆದರೂ ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಕೊಡುತ್ತೀರಿ ಎಂದು ಕೇಳಿದರೆ ನನ್ನ ಉತ್ತರ 500. ಸ್ಟೆಂಟ್ ಹಾಕುವ ಕೈಚಳಕ ಬೇಕೇ ಬೇಕು. ಆದರೆ ಯಾರಿಗೆ ಹಾಕಬಾರದು ಎಂದು ತಿಳಿಯುವುದು ಓದುವ ಕಣ್ಣಿನಿಂದ, ರೋಗಿಯ ಜೊತೆ ಕಳೆದ ಹೊತ್ತಿನಿಂದ. ತರಬೇತಿಯ ಮಟ್ಟವನ್ನು ಬರೀ ಚಿಕಿತ್ಸೆಗಳ ಎಣಿಕೆಯಿಂದ ಅಳೆಯುವ ಜಾಗದಲ್ಲಿ ಕಲಿತವರಿಗೆ ಪ್ರತಿ ಅಡಚಣೆಯೂ ತೆಗೆಯಲೇಬೇಕಾದ ಅಡಚಣೆಯಾಗಿ ಕಾಣುತ್ತದೆ.

ಇದು ನನ್ನ ಸ್ವಂತ ಅಭಿಪ್ರಾಯ ಮಾತ್ರ ಅಲ್ಲ. ಹಿಂದೆ ಕಿಡ್ನಿಯ ಆರ್ಟರಿ ಕಿರಿದಾಗಿದೆ, ಬಿಪಿ ಜಾಸ್ತಿ ಇದೆ ಎಂದರೆ ಸ್ಟೆಂಟ್ ಹಾಕುವುದು ರೂಢಿಯಾಗಿತ್ತು. 2014ರ ಕೋರಲ್ ಅಧ್ಯಯನದಲ್ಲಿ 947 ರೋಗಿಗಳನ್ನು ನೋಡಿದರು. ಒಳ್ಳೆಯ ಔಷಧ ಚಿಕಿತ್ಸೆಯ ಮೇಲೆ ಸ್ಟೆಂಟ್ ಸೇರಿಸಿದ್ದರಿಂದ ಹೃದಯಾಘಾತವಾಗಲಿ, ಕಿಡ್ನಿ ತೊಂದರೆಯಾಗಲಿ, ಸಾವಾಗಲಿ ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ತೊಡೆಯ ವೇನ್‌ನಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕ್ಯಾತಿಟರ್ ಹಾಕಿ ಕರಗಿಸಿದರೆ ಮುಂದೆ ಕಾಲು ಊತ, ನೋವು ಬರುವುದು ತಪ್ಪುತ್ತದೆ ಎಂಬ ನಂಬಿಕೆಯನ್ನು 2017ರ ಅಟ್ರ್ಯಾಕ್ಟ್ ಅಧ್ಯಯನ ಪರೀಕ್ಷಿಸಿತು. ಒಟ್ಟಾರೆ ರೋಗಿಗಳಲ್ಲಿ ಹಾಗೆ ತಪ್ಪಲಿಲ್ಲ. ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. 2012ರ ಕ್ಲೆವರ್ ಅಧ್ಯಯನ ಚಿಕ್ಕದು, 111 ಜನರದ್ದು. ಸೊಂಟದ ಹತ್ತಿರದ ಆರ್ಟರಿ ಕಟ್ಟಿಕೊಂಡು ನಡೆಯಲು ಕಷ್ಟಪಡುತ್ತಿದ್ದವರಲ್ಲಿ ಕೆಲವರಿಗೆ ಸ್ಟೆಂಟ್ ಹಾಕಿದರು, ಕೆಲವರಿಗೆ ತಜ್ಞರ ಕಣ್ಣೆದುರು ಕ್ರಮವಾಗಿ ನಡಿಗೆ ಮಾಡಿಸಿದರು. ಆರು ತಿಂಗಳಾದಾಗ ಟ್ರೆಡ್‌ಮಿಲ್ ಮೇಲೆ ಜಾಸ್ತಿ ಹೊತ್ತು ನಡೆದವರು ಈ ಎರಡನೆಯ ಗುಂಪಿನವರು.

ನಡಿಗೆಯನ್ನು ಔಷಧದಂತೆ ಬರೆದುಕೊಡಲು ಬರಬೇಕು. ವಾರಕ್ಕೆ ಮೂರು ದಿನ, ಒಂದೊಂದು ಸಲ 30ರಿಂದ 45 ನಿಮಿಷ, ಕನಿಷ್ಠ 12 ವಾರ. ಕಾಲು ನೋಯುವವರೆಗೆ ನಡೆದು, ನಿಂತು, ನೋವು ಇಳಿದ ಮೇಲೆ ಮತ್ತೆ ನಡೆಯಬೇಕು. ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ 2017ರಿಂದ ಇದಕ್ಕೆ ಹಣ ಕೊಡುತ್ತಿದೆ, 36 ಸಲದವರೆಗೆ. ನಮ್ಮಲ್ಲಿ 'ಸ್ವಲ್ಪ ವಾಕಿಂಗ್ ಮಾಡಿ' ಎಂದು ಹೇಳಿ ಕಳಿಸುವುದೇ ಹೆಚ್ಚು. ಅಷ್ಟು ಹೇಳಿದರೆ ರೋಗಿ ಮೊದಲ ನೋವಿಗೇ ನಿಲ್ಲಿಸಿಬಿಡುತ್ತಾರೆ. (ಪಾದದಲ್ಲಿ ಗಾಯ ಇರುವ ನಿಮ್ಮ ತಂದೆಯವರಿಗೆ ಈ ನಡಿಗೆ ಸದ್ಯಕ್ಕೆ ಬೇಡ. ಆ ಗಾಯದ ಮೇಲೆ ಭಾರ ಬೀಳದಂತೆ ನೋಡಿಕೊಳ್ಳುವುದು ಈಗ ಮುಖ್ಯ.)

ಈಗ ಆ 500ರ ವಿಷಯ. ರಕ್ತನಾಳದ ಲ್ಯಾಬ್ ಈ ವಿಭಾಗದ ಜೀವ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲಕ್ಕಿಂತ ಸರಳ ಪರೀಕ್ಷೆ ಎಂದರೆ ಕಾಲಿನ ಬಿಪಿಯನ್ನು ಕೈಯ ಬಿಪಿಯಿಂದ ಭಾಗಿಸುವುದು. ಬೇಕಾದ್ದು ಒಂದು ಬಿಪಿ ಪಟ್ಟಿ, ರಕ್ತದ ಹರಿವನ್ನು ಧ್ವನಿತರಂಗದಿಂದ ಹಿಡಿಯುವ ಒಂದು ಚಿಕ್ಕ ಡಾಪ್ಲರ್ ಪೆನ್ಸಿಲ್ ಅಷ್ಟೆ. ಬಂದ ಅಂಕಿ 1.00ರಿಂದ 1.40ರ ಒಳಗೆ ಇದ್ದರೆ ಸರಿ. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಲಿನ ಆರ್ಟರಿಯಲ್ಲಿ ರೋಗ ಇದೆ. ಇಷ್ಟು ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ಆರ್ಟರಿಯ ಗೋಡೆಯೊಳಗೆ ಕ್ಯಾಲ್ಸಿಯಂ ತುಂಬಿ ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ಅದು ಅಮುಕಿಕೊಳ್ಳುವುದಿಲ್ಲ. ಆಗ ಅಂಕಿ 1.1 ಬರಬಹುದು, 1.5ಕ್ಕೂ ಹೋಗಬಹುದು. 1.1 ಬಂದರೆ ವರದಿಯಲ್ಲಿ 'ನಾರ್ಮಲ್' ಎಂದು ಇರುತ್ತದೆ, ಬೆರಳಿಗೆ ಮಾತ್ರ ರಕ್ತ ಇರುವುದಿಲ್ಲ. ಬೆರಳಿನ ಚಿಕ್ಕ ನಾಳಗಳು ಸಾಮಾನ್ಯವಾಗಿ ಹಾಗೆ ಗಟ್ಟಿಯಾಗುವುದಿಲ್ಲ, ಅದಕ್ಕೇ ಬೆರಳಿನ ಒತ್ತಡ ಅಳೆಯಬೇಕು. ನಿಮ್ಮ ತಂದೆಯವರ ಫೈಲ್‌ನಲ್ಲಿ ಅದನ್ನೇ ಹುಡುಕಿ ಎಂದು ಹೇಳಿದ್ದು ಈ ಕಾರಣಕ್ಕೆ. ಅಂಕಿ ತೆಗೆಯುವುದು ಯಂತ್ರದ ಕೆಲಸ. ಈ ಅಂಕಿಯನ್ನು ಈ ರೋಗಿಯಲ್ಲಿ ನಂಬಬಹುದಾ ಎಂದು ಕೇಳಿಕೊಳ್ಳುವುದು ತರಬೇತಿಯಿಂದ ಬರುತ್ತದೆ.

ನಾಳದ ಚಿತ್ರ, ರಕ್ತದ ವೇಗ ಎರಡನ್ನೂ ತೋರಿಸುವ ಡ್ಯೂಪ್ಲೆಕ್ಸ್ ಅಲ್ಟ್ರಾಸೌಂಡ್ ಇನ್ನೂ ಸೂಕ್ಷ್ಮ. ನಾಳ ಕಿರಿದಾದ ಕಡೆ ರಕ್ತ ಜೋರಾಗಿ ಹರಿಯುತ್ತದೆ. ಆ ವೇಗ ನೋಡಿ ಎಷ್ಟು ಕಿರಿದಾಗಿದೆ ಎಂದು ಅಂದಾಜು ಮಾಡುತ್ತಾರೆ. ಉದಾಹರಣೆಗೆ ಕತ್ತಿನ ಕ್ಯಾರೋಟಿಡ್ ಆರ್ಟರಿಯಲ್ಲಿ ವೇಗ ಸೆಕೆಂಡಿಗೆ 230 ಸೆಂಟಿಮೀಟರ್ ದಾಟಿದರೆ, ಶೇ 70ಕ್ಕಿಂತ ಹೆಚ್ಚು ಕಟ್ಟಿದೆ ಎಂದು ಅನುಮಾನಿಸುತ್ತಾರೆ. ಆದರೆ ಧ್ವನಿತರಂಗ ರಕ್ತದ ಹರಿವಿಗೆ ಯಾವ ಕೋನದಲ್ಲಿ ತಾಗುತ್ತಿದೆ ಎಂಬುದರ ಮೇಲೆ ಆ ವೇಗದ ಲೆಕ್ಕ ನಿಂತಿದೆ. ಕೋನ 60 ಡಿಗ್ರಿ ದಾಟಿದರೆ ಸಣ್ಣ ವ್ಯತ್ಯಾಸವೂ ವೇಗವನ್ನು ತುಂಬಾ ಹೆಚ್ಚಿಸಿ ತೋರಿಸಬಹುದು. ಒಂದು ಕಡೆಯ ಕ್ಯಾರೋಟಿಡ್ ಪೂರ್ತಿ ಮುಚ್ಚಿದ್ದರೆ ಇನ್ನೊಂದು ಕಡೆ ರಕ್ತ ಜಾಸ್ತಿ ಹರಿಯುತ್ತದೆ. ಅಲ್ಲಿ ಅಷ್ಟೇನೂ ಅಡಚಣೆ ಇಲ್ಲದಿದ್ದರೂ ವೇಗ ಜಾಸ್ತಿ ಕಾಣಿಸುತ್ತದೆ. ಹೃದಯ ದುರ್ಬಲ ಇರುವವರಲ್ಲಿ ಇದಕ್ಕೆ ಉಲ್ಟಾ. ಇಂಥ ಒಂದೊಂದನ್ನೂ ಅನುಭವಸ್ಥರ ಪಕ್ಕದಲ್ಲಿ ಕೂತು, ಅದೇ ರೋಗಿಯ ಸಿಟಿ ಆಂಜಿಯೋ ಜೊತೆ ಹೋಲಿಸಿ ನೋಡಿದರೆ ಮಾತ್ರ ಕಣ್ಣು ಪಳಗುತ್ತದೆ. 500 ಎನ್ನುವುದು ಸುಮ್ನೆ ಇಟ್ಟ ದೊಡ್ಡ ಸಂಖ್ಯೆ ಅಲ್ಲ. ಅಷ್ಟು ನೋಡಿದರೆ ಈ ಅಪವಾದಗಳೆಲ್ಲ ಒಂದಲ್ಲ ಒಂದು ಸಲ ಕಣ್ಣಿಗೆ ಬಿದ್ದಿರುತ್ತವೆ.

ಭಾರತದಲ್ಲಿ ಇಲ್ಲೊಂದು ವಿಶೇಷ ತೊಡಕು ಇದೆ. ಭ್ರೂಣಲಿಂಗ ಪತ್ತೆ ತಡೆಯಲು ಬಂದ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ ಕೆಳಗೆ ಅಲ್ಟ್ರಾಸೌಂಡ್ ಯಂತ್ರ ಇಡುವ ಜಾಗ ನೋಂದಣಿ ಆಗಿರಬೇಕು. ಕಾಯ್ದೆಯ ಉದ್ದೇಶ ಸರಿಯಾದದ್ದೇ, ಅದು ಸಡಿಲ ಆಗಬೇಕು ಎಂದು ನಾನು ಹೇಳುವುದಿಲ್ಲ. ಆದರೆ ಇದರಿಂದಾಗಿ ಮೆಡಿಸಿನ್ ವಿಭಾಗದ ವಿದ್ಯಾರ್ಥಿ ಬೇಕೆಂದಾಗ ಯಂತ್ರ ಹಿಡಿದು ಕಾಲಿನ ನಾಳ ನೋಡಿ ಕಲಿಯುವುದು ಕಷ್ಟ. ಎಷ್ಟೋ ಕಡೆ ಡಾಪ್ಲರ್ ಪೂರ್ತಿಯಾಗಿ ರೇಡಿಯಾಲಜಿ ವಿಭಾಗದ ಒಳಗೇ ಉಳಿದುಬಿಡುತ್ತದೆ. ಹಾಗಾಗಿ ತರಬೇತಿಗೆ ಸೇರುವ ಮೊದಲೇ ಆ ಆಸ್ಪತ್ರೆಯಲ್ಲಿ ಫೆಲೋಗಳ ಹೆಸರನ್ನು ಕ್ರಮವಾಗಿ ನೋಂದಾಯಿಸುತ್ತಾರಾ, ಅವರಿಗೆ ಪ್ರೋಬ್ (ಮೈಮೇಲೆ ಇಟ್ಟು ನೋಡುವ ಅಲ್ಟ್ರಾಸೌಂಡ್ ಭಾಗ) ಕೈಗೆ ಕೊಡುತ್ತಾರಾ ಎಂದು ವಿಚಾರಿಸಬೇಕು.

ಯುರೋಪಿನಲ್ಲಿ ಒಂದೊಂದು ದೇಶ ಒಂದೊಂದು ಥರ. ಫ್ರಾನ್ಸ್‌ನಲ್ಲಿ ವ್ಯಾಸ್ಕ್ಯುಲರ್ ಮೆಡಿಸಿನ್ 2017ರ ಸುಧಾರಣೆಯ ನಂತರ ನಾಲ್ಕು ವರ್ಷದ ಪೂರ್ಣ ಸ್ನಾತಕೋತ್ತರ ವಿಭಾಗ. ಜರ್ಮನಿಯಲ್ಲಿ ಇಂಟರ್ನಲ್ ಮೆಡಿಸಿನ್ ಜೊತೆ ಸೇರಿದ ಆಂಜಿಯಾಲಜಿ ತರಬೇತಿ ಒಟ್ಟು ಆರು ವರ್ಷ. ಬ್ರಿಟನ್‌ನಲ್ಲಿ ವ್ಯಾಸ್ಕ್ಯುಲರ್ ಸರ್ಜರಿ 2012ರಲ್ಲಿ ಪ್ರತ್ಯೇಕ ವಿಭಾಗ ಆಯಿತು, ಫಿಸಿಶಿಯನ್‌ಗಳಿಗೆ ಮಾತ್ರ ಅಂಥ ಪ್ರತ್ಯೇಕ ದಾರಿ ಅಲ್ಲಿಲ್ಲ.

ಇನ್ನು ನಮ್ಮ ದೇಶ. ಇಲ್ಲಿ ರಕ್ತನಾಳಕ್ಕೆ ಗಟ್ಟಿಯಾದ, ಒಪ್ಪಿತ ತರಬೇತಿ ಇರುವುದು ಸರ್ಜನ್‌ಗಳಿಗೆ. ಎಂಎಸ್ ಜನರಲ್ ಸರ್ಜರಿ ಆದ ಮೇಲೆ ಮೂರು ವರ್ಷದ ಎಂಸಿಎಚ್ ವ್ಯಾಸ್ಕ್ಯುಲರ್ ಸರ್ಜರಿ, ಇಲ್ಲವೇ ಡಿಆರ್‌ಎನ್‌ಬಿ ಪೆರಿಫೆರಲ್ ವ್ಯಾಸ್ಕ್ಯುಲರ್ ಸರ್ಜರಿ. ಎರಡೂ ಸೂಪರ್ ಸ್ಪೆಷಾಲಿಟಿ ಪದವಿಗಳೇ. ಬೆಂಗಳೂರಿನ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕ್ಯುಲರ್ ಸೈನ್ಸಸ್ ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಜಾಗ. ಎಂಡಿ ರೇಡಿಯಾಲಜಿ ಮಾಡಿದವರಿಗೆ ಡಿಎಂ ಇಂಟರ್ವೆನ್ಷನಲ್ ರೇಡಿಯಾಲಜಿ (ಎಕ್ಸ್‌ರೇ, ಸ್ಕ್ಯಾನ್ ನೋಡುತ್ತಾ ಕ್ಯಾತಿಟರ್‌ನಿಂದ ಚಿಕಿತ್ಸೆ ಮಾಡುವುದು) ಇದೆ. ಹೃದ್ರೋಗ ತಜ್ಞರು ಡಿಎಂ ಕಾರ್ಡಿಯಾಲಜಿಯ ಒಳಗೇ ಕಾಲಿನ ಆಂಜಿಯೋಪ್ಲಾಸ್ಟಿಯನ್ನು ಅಷ್ಟಿಷ್ಟು ಕಲಿಯುತ್ತಾರೆ. ನಿಮ್ಮ ತಂದೆಯವರು ಭೇಟಿಯಾದ ಮೂವರೂ ಬೇರೆ ಬೇರೆ ಬಾಗಿಲಿನಿಂದ ಬಂದವರು, ಅವರವರ ಸಲಹೆಯೂ ಅಲ್ಲಿಂದಲೇ ಬಂದಿದೆ. ಇವರ ನಡುವೆ ನಿಂತು ವರ್ಷಾನುಗಟ್ಟಲೆ ರೋಗಿಯನ್ನು ನೋಡಿಕೊಳ್ಳುವ ಫಿಸಿಶಿಯನ್‌ನ ಜಾಗ ಖಾಲಿ ಇದೆ. ಆ ಜಾಗ ತುಂಬಬೇಕು ಎಂದು ನಾನು ಮನಸಾರೆ ನಂಬಿದ್ದೇನೆ. ನಿಮ್ಮ ಮಗಳ ಹಟ ನನಗೆ ಖುಷಿ ಕೊಟ್ಟಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದ ಪಟ್ಟಿಯನ್ನು ಹಾಗೇ ತಂದು ಇಲ್ಲಿ ಅಂಟಿಸಿದರೆ ಸಾಲದು. ನಮ್ಮ ಓಪಿಡಿಗೆ ಬರುವ ರೋಗಿಗಳೇ ಬೇರೆ. ದೊಡ್ಡ ಆರ್ಟರಿಗಳಲ್ಲಿ ಉರಿಯೂತ ಬರುವ ಟಕಾಯಾಸು ಆರ್ಟರೈಟಿಸ್ ತೆಗೆದುಕೊಳ್ಳಿ. ಜಪಾನಿನ ಕಣ್ಣಿನ ವೈದ್ಯ ಮಿಕಿತೊ ಟಕಾಯಾಸು 1908ರಲ್ಲಿ ವರದಿ ಮಾಡಿದ ಈ ಕಾಯಿಲೆ ಏಷ್ಯಾದಲ್ಲಿ ಜಾಸ್ತಿ, ಅದರಲ್ಲೂ ಪ್ರಾಯದ ಹೆಣ್ಣುಮಕ್ಕಳಲ್ಲಿ. ಒಂದು ಕೈಯಲ್ಲಿ ನಾಡಿ ಸಿಗುವುದಿಲ್ಲ, ಎರಡು ಕೈಗಳ ಬಿಪಿ ಬೇರೆ ಬೇರೆ. ನಾಳದ ಉರಿಯೂತ ಇಳಿಯುವ ಮೊದಲೇ ಆತುರದಲ್ಲಿ ಸ್ಟೆಂಟ್ ಹಾಕಿದರೆ ಅದು ಮತ್ತೆ ಕಟ್ಟಿಕೊಳ್ಳುವ ಸಾಧ್ಯತೆ ಹೆಚ್ಚು. ಮೊದಲು ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಂದ ಕಾಯಿಲೆಯನ್ನು ಹತೋಟಿಗೆ ತರಬೇಕು. ಈ ಕಾಯಿಲೆ ಎಷ್ಟು ಚುರುಕಾಗಿದೆ ಎಂದು ಅಳೆಯುವ ಐಟಾಸ್ 2010 ಎಂಬ ಅಂಕಪಟ್ಟಿಯನ್ನು ರೂಪಿಸಿದವರು ಭಾರತದ ವೈದ್ಯರೇ. ನಮ್ಮ ದೇಶದ ಯಾವುದೇ ವ್ಯಾಸ್ಕ್ಯುಲರ್ ತರಬೇತಿಯಲ್ಲಿ ಇದು ಮೊದಲ ಪಾಠವಾಗಬೇಕು.

ಬರ್ಗರ್ ಕಾಯಿಲೆ ಇನ್ನೊಂದು. ಬೀಡಿ, ಸಿಗರೇಟ್ ಸೇದುವ ಮೂವತ್ತು ನಲವತ್ತರ ಗಂಡಸರು ಬೆರಳು ಕಪ್ಪಾಗಿಸಿಕೊಂಡು ಬರುತ್ತಾರೆ. ಬೀಡಿ ಪೂರ್ತಿ ಬಿಟ್ಟವರ ಕಾಲು ಬಹುಮಟ್ಟಿಗೆ ಉಳಿಯುತ್ತದೆ. ಬಿಡದವರಿಗೆ ಯಾವ ಆಪರೇಷನ್ನೂ ಸಾಲುವುದಿಲ್ಲ. ಆದ್ದರಿಂದ ತಂಬಾಕು ಬಿಡಿಸುವ ವಿದ್ಯೆ ಈ ತರಬೇತಿಯ ಕೊನೆಯಲ್ಲಿ ಸೇರಿಸುವ ಒಂದು ಉಪನ್ಯಾಸ ಆಗಬಾರದು. ಮುಂದೆ ಕೂತವರ ಜೊತೆ ಬೈಯದೆ ಮಾತಾಡುವುದು, ನಿಕೋಟಿನ್ ಚೂಯಿಂಗ್ ಗಮ್, ಮಾತ್ರೆಗಳ ಡೋಸ್, ಮತ್ತೆ ಸೇದಿ ಬಂದವರನ್ನು ವಾಪಸ್ ಕರೆದುಕೊಳ್ಳುವುದು ಎಲ್ಲವನ್ನೂ ಕೈಹಿಡಿದು ಕಲಿಸಬೇಕು. ಇನ್ನು ಆನೆಕಾಲು ರೋಗ. ನಮ್ಮ ಕರಾವಳಿಯಲ್ಲಿ, ಕಲಬುರಗಿ, ಬೀದರ್, ಯಾದಗಿರಿ ಕಡೆ ಹಳ್ಳಿಗಳಲ್ಲಿ ಇದರಿಂದ ಊದಿದ ಕಾಲು ಹೊತ್ತು ಬದುಕುವವರು ಇದ್ದಾರೆ. ಪಾಶ್ಚಾತ್ಯ ದೇಶಗಳ ತರಬೇತಿಯಲ್ಲಿ ಲಿಂಫ್ ಊತವನ್ನು ಹೆಚ್ಚಾಗಿ ಕ್ಯಾನ್ಸರ್ ಚಿಕಿತ್ಸೆಯ ನಂತರದ ತೊಂದರೆಯಾಗಿ ಕಲಿಯುತ್ತಾರೆ. ನಮ್ಮ ಹುಡುಗಿ ಅದನ್ನು ಕಾಸರಗೋಡಿನಲ್ಲಿ ಕಲಿಯಬಹುದು. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ, ಚರ್ಮದ ಆರೈಕೆ, ಬ್ಯಾಂಡೇಜ್ ಮತ್ತು ಆಯುರ್ವೇದ, ಯೋಗದ ವಿಧಾನಗಳನ್ನು ಸೇರಿಸಿ ಆನೆಕಾಲು ರೋಗಿಗಳಿಗೆ ಚಿಕಿತ್ಸೆ ಕೊಡುತ್ತದೆ.

ಈಗ ಅವಳ ದಾರಿಗೆ ಬರೋಣ. ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ನೀಟ್-ಎಸ್‌ಎಸ್ ಬರೆದು ಡಿಎಂ ಕಾರ್ಡಿಯಾಲಜಿಗೆ ಸೇರಿ, ಆಮೇಲೆ ರಕ್ತನಾಳದ ಕಡೆ ತಿರುಗುವುದು ಒಂದು ದಾರಿ. ಕ್ಯಾತಿಟರ್ ಕೆಲಸವೂ ಬೇಕು ಎನ್ನುವವರಿಗೆ ಇದೇ ಸರಿ. ಕಾರ್ಡಿಯಾಲಜಿ ಮನಸ್ಸಿಗೆ ಹಿಡಿಸದಿದ್ದರೆ ಕ್ಲಿನಿಕಲ್ ಹೆಮಟಾಲಜಿ (ರಕ್ತದ ಕಾಯಿಲೆಗಳು) ಅಥವಾ ರೂಮಟಾಲಜಿ (ಕೀಲು ಮತ್ತು ಉರಿಯೂತದ ಕಾಯಿಲೆಗಳು) ನೋಡಲಿ. ಹೆಪ್ಪುಗಟ್ಟುವ ಕಾಯಿಲೆಗಳು ಮೊದಲನೆಯದರಲ್ಲಿ, ನಾಳದ ಉರಿಯೂತ ಎರಡನೆಯದರಲ್ಲಿ ಆಳವಾಗಿ ಬರುತ್ತವೆ. ವೆಲ್ಲೂರಿನ ಸಿಎಂಸಿ, ಲಕ್ನೋದ ಎಸ್‌ಜಿಪಿಜಿಐ ಟಕಾಯಾಸು ಕಾಯಿಲೆಯಲ್ಲಿ ದೊಡ್ಡ ಅನುಭವ ಇರುವ ಜಾಗಗಳು. ಸೂಪರ್ ಸ್ಪೆಷಾಲಿಟಿಯೇ ಬೇಡ ಎಂದರೆ, ಎಂಡಿ ನಂತರ ಯಾವುದಾದರೂ ದೊಡ್ಡ ವ್ಯಾಸ್ಕ್ಯುಲರ್ ಸರ್ಜರಿ ವಿಭಾಗದ ಜೊತೆ ಫಿಸಿಶಿಯನ್ ಆಗಿ ಸೇರಿ, ಅಲ್ಲಿನ ಲ್ಯಾಬ್ ಮತ್ತು ಡಯಾಬಿಟಿಕ್ ಪಾದದ ಕ್ಲಿನಿಕ್‌ನಲ್ಲಿ ಕಲಿಯಬಹುದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಕೊನೆಯ ದಾರಿಯಲ್ಲಿ ಕಲಿಕೆ ಚೆನ್ನಾಗಿ ಆಗಬಹುದು, ಆದರೆ ಕೈಗೆ ಬರುವ ಕಾಗದಕ್ಕೆ ಸೂಪರ್ ಸ್ಪೆಷಾಲಿಟಿ ಪದವಿಯ ಬೆಲೆ ಇರುವುದಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇದ್ದರೆ ಅದನ್ನು ಈಗಲೇ ಯೋಚಿಸಬೇಕು.

ಅಮೆರಿಕಕ್ಕೆ ಹೋಗುವ ಆಸೆ ಇದ್ದರೆ ಲೆಕ್ಕ ಮೊದಲೇ ಗೊತ್ತಿರಲಿ. ಅಲ್ಲಿನ ವೈದ್ಯರ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ ಪಾಸಾಗಬೇಕು. ಇಲ್ಲಿ ಎಂಡಿ ಮಾಡಿದ್ದರೂ ಅಲ್ಲಿ ಸಾಮಾನ್ಯವಾಗಿ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯನ್ನು ಮತ್ತೆ ಮೂರು ವರ್ಷ ಮಾಡಬೇಕಾಗುತ್ತದೆ, ಆಮೇಲೆ ಫೆಲೋಶಿಪ್. ಇನ್ನೊಂದು ಮಾತು. ಅಲ್ಲೂ ಈ ವಿಭಾಗಕ್ಕೆ ಪ್ರಮಾಣಪತ್ರ ಕೊಡಲು ಹುಟ್ಟಿದ್ದು ಸ್ವತಂತ್ರ ಮಂಡಳಿ. ಕಾರ್ಡಿಯಾಲಜಿಯಂಥ ವಿಭಾಗಗಳ ಮುಖ್ಯ ಒಕ್ಕೂಟದೊಳಗೆ ಅದು ಸೇರಿಲ್ಲ. ಅಂದರೆ ಅಲ್ಲಿಯೂ ಈ ವಿಭಾಗ ತನ್ನ ಜಾಗಕ್ಕಾಗಿ ಇನ್ನೂ ದುಡಿಯುತ್ತಿದೆ. ಇಲ್ಲಿ ಪದವಿ ಇಲ್ಲ ಎಂದು ಅವಳು ಧೈರ್ಯ ಕಳೆದುಕೊಳ್ಳಬೇಕಿಲ್ಲ.

ಎಲ್ಲಿಗೇ ಸೇರಲಿ, ಮೊದಲ ದಿನದಿಂದ ತನ್ನದೇ ಲಾಗ್‌ಬುಕ್ ಇಟ್ಟುಕೊಳ್ಳಲಿ. ಓದಿದ ಡ್ಯೂಪ್ಲೆಕ್ಸ್‌ಗಳು, ಅದರಲ್ಲಿ ಎಷ್ಟು ಆಂಜಿಯೋ ಜೊತೆ ಹೊಂದಿತು, ಎಷ್ಟು ಹೊಂದಲಿಲ್ಲ. ಹೆಪ್ಪುಗಟ್ಟಿದ ರೋಗಿಗಳಿಗೆ ಕೊಟ್ಟ ರಕ್ತ ತೆಳುಮಾಡುವ ಔಷಧ, ಮೂರು ತಿಂಗಳಾದ ಮೇಲೆ ಅದನ್ನು ನಿಲ್ಲಿಸಿದ್ದು ಅಥವಾ ಮುಂದುವರಿಸಿದ್ದು, ಅದಕ್ಕೆ ಕಾರಣ. ಬೀಡಿ ಬಿಟ್ಟವರು, ಬಿಡದವರು. ಚಿಕಿತ್ಸೆ ಬೇಡ ಎಂದು ತೀರ್ಮಾನಿಸಿದ ರೋಗಿಗಳು ಮತ್ತು ವರ್ಷದ ನಂತರ ಅವರ ಸ್ಥಿತಿ. ಈ ಕೊನೆಯ ಪಟ್ಟಿಯನ್ನು ನಾನು ನೋಡಿದ ಯಾವ ಅಧಿಕೃತ ಲಾಗ್‌ಬುಕ್ಕೂ ಕೇಳುವುದಿಲ್ಲ. ಕೇಳಬೇಕು.

ಫೆಲೋಶಿಪ್ ಸಂದರ್ಶನಕ್ಕೆ ಹೋದಾಗ ಅವಳೂ ಅವರನ್ನು ಪ್ರಶ್ನೆ ಕೇಳಲಿ. ವಾರಕ್ಕೆ ಎಷ್ಟು ದಿನ ಓಪಿಡಿ, ಎಷ್ಟು ದಿನ ಲ್ಯಾಬ್? ಡ್ಯೂಪ್ಲೆಕ್ಸ್ ವರದಿಗೆ ಸಹಿ ಮಾಡುವವರು ಯಾರು, ಅವರ ಪಕ್ಕ ಕೂರಲು ಬಿಡುತ್ತಾರಾ? ಕಾಲ್ಬೆರಳಿನ ಒತ್ತಡ ಅಳೆಯುವ ಉಪಕರಣ ಇದೆಯಾ? ಸರ್ಜನ್, ರೇಡಿಯಾಲಜಿಸ್ಟ್, ಫಿಸಿಶಿಯನ್ ಒಟ್ಟಿಗೆ ಕೂತು ರೋಗಿಗಳ ಬಗ್ಗೆ ಚರ್ಚಿಸುವ ಸಭೆ ಯಾವ ವಾರ, ಯಾವ ಹೊತ್ತಿಗೆ? ಕಳೆದ ಬ್ಯಾಚಿನವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ, ಅವರ ಫೋನ್ ನಂಬರ್ ಕೊಡುತ್ತೀರಾ? ಒಳ್ಳೆಯ ವಿಭಾಗದವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ವಾರದ ಜಂಟಿ ಸಭೆಯ ಪ್ರಶ್ನೆಗೆ 'ಬೇಕಾದಾಗ ಫೋನಲ್ಲಿ ಮಾತಾಡಿಕೊಳ್ತೀವಿ' ಎಂಬ ಉತ್ತರ ಬಂದರೆ, ಆ ಜಾಗ ಎಷ್ಟೇ ದೊಡ್ಡ ಹೆಸರಿನದಾದರೂ ಇನ್ನೊಂದು ಕಡೆ ಅರ್ಜಿ ಹಾಕಲಿ.